ಆಕ್ಟೇನ್ ಸೀಸೆಯವರಿಗೆ, ಜಡೆ ಬಿಟ್ಟ ಗಂಡುಮಗುವಿನ ತಾಯಿಯಿಂದ

ಇಂದ,
ಆದಿಲಕ್ಷ್ಮಿ ಕೋಂ ಗಂಗಣ್ಣ,
ರೊಳ್ಳ ಮಂಡಲ, ಮಡಕಶಿರ ತಾಲ್ಲೂಕು,
ಅನಂತಪುರ ಜಿಲ್ಲೆ, ಆಂಧ್ರ.
೨ ಜೂನ್ ೨೦೧೯, ಭಾನುವಾರ

ಗೆ,
ವ್ಯವಸ್ಥಾಪಕ ನಿರ್ದೇಶಕರು,
'ಹುಲಿವೇಗ' ಆಕ್ಟೇನ್ ಬೂಸ್ಟರ್ ಎಂಬ, ಪೆಟ್ರೋಲಿಗೆ ಬೆರೆಸುವ ಔಷಧದ ತಯಾರಕರು
(ಊರಿನ ಹೆಸರು ಸೀಸೆಯ ಮೇಲೆ ಅಳಿಸಿಹೋಗಿದೆ, ಕ್ಷಮಿಸಬೇಕು)

ಮಾನ್ಯರೇ,

ತಾವು, ತಮ್ಮ ಮನೆಮಂದಿ, ತಮ್ಮ ಕಾರ್ಖಾನೆಯ ಸಿಬ್ಬಂದಿ ಮತ್ತು ತಮ್ಮ ಸೀಸೆಯ ಮೇಲೆ ಬಾಯಿ ತೆರೆದು ಹಾರುತ್ತಿರುವ ಹುಲಿ, ಎಲ್ಲರೂ ಸುಖವಾಗಿರುವಿರೆಂದು ನಂಬಿ, ದೂರದಿಂದಲೇ ಕೈಮುಗಿದು ಈ ಪತ್ರವನ್ನು ಆರಂಭಿಸುತ್ತಿದ್ದೇನೆ. ಹುಲಿಯ ಯೋಗಕ್ಷೇಮವನ್ನು ಬೇರೆಯಾಗಿ ವಿಚಾರಿಸಿದ್ದಕ್ಕೆ ಕಾರಣವಿದೆ. ಕಳೆದ ನಾಲ್ಕು ತಿಂಗಳಲ್ಲಿ ನಮ್ಮ ಮನೆಯಲ್ಲಿ ದೇವರ ಹೆಸರಿಗಿಂತ ಹೆಚ್ಚು ಸಲ ಎದ್ದ ಹೆಸರು ಆ ಹುಲಿಯದು, ಮತ್ತು ಪ್ರತಿ ಸಲವೂ ಅದರ ಹಿಂದೆ ಒಂದು ಬೈಗುಳ ಬಂದಿದೆ.

ನಾಲ್ಕು ಜನಕ್ಕೆ ತಿಳಿಯದಂತೆ ತಮಗೊಬ್ಬರಿಗೇ ಬರೆಯಬೇಕೆಂಬ ಮರ್ಯಾದೆ ನನಗೂ ಇತ್ತು. ಆದರೆ ಸೀಸೆಯ ಬೆನ್ನ ಮೇಲಿರುವ ಗ್ರಾಹಕ ಸೇವೆಯ ನಂಬರಿಗೆ ನಾನು ಒಂಬತ್ತು ಸಲ ಫೋನು ಮಾಡಿದಾಗ, ಒಂಬತ್ತು ಸಲವೂ ಒಬ್ಬ ಹೆಣ್ಣುಮಗಳು ಬಹಳ ನಯವಾಗಿ ಹಿಂದಿಯಲ್ಲಿ ಏನನ್ನೋ ಹೇಳಿ, ಕೊಳಲಿನ ಸಂಗೀತ ಹಾಕಿ ಹೊರಟುಹೋದಳು. ಅಷ್ಟು ಚೆಂದದ ಸಂಗೀತವನ್ನು ಕೇಳಿಸಿಕೊಂಡು ಸುಮ್ಮನಿರುವುದು ಸರಿಯಲ್ಲವೆನಿಸಿ ಈ ಪತ್ರವನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನಾನು ಯಾರೆಂದು ತಿಳಿಸಬೇಕು. ಮಡಕಶಿರದ ಕಡೆಯ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಎಂಟು ವರ್ಷದಿಂದ ತಯಾರಾದ ಬಟ್ಟೆಯನ್ನು ತಪಾಸಣೆ ಮಾಡುವವಳು. ಹೊಲಿಗೆ ಬಿಟ್ಟಿದ್ದರೆ, ದಾರ ಜೋತಿದ್ದರೆ, ಗುಂಡಿ ಓರೆಯಾಗಿದ್ದರೆ ಅಲ್ಲಿಗೆ ಒಂದು ಕೆಂಪು ಬಾಣದ ಸ್ಟಿಕ್ಕರು ಅಂಟಿಸಿ, ಸ್ಲಿಪ್ಪು ಬರೆದು, ಹೊಲಿದವರಿಗೆ ವಾಪಸು ಕಳಿಸುವುದು ನನ್ನ ಕೆಲಸ. ನಮ್ಮ ಮನೆಯವರು ಗಂಗಣ್ಣ ಅದೇ ಕಾರ್ಖಾನೆಯ ಹೆಣ್ಣುಮಕ್ಕಳನ್ನು ಹಳ್ಳಿಹಳ್ಳಿಯಿಂದ ಕರೆತರುವ ಬಸ್ಸಿನ ಡ್ರೈವರು. ಆ ಬಸ್ಸು ನಲವತ್ತರ ಮೇಲೆ ಓಡಿದ್ದನ್ನು ನೋಡಿದವರಿಲ್ಲ, ಕೆಲಸಕ್ಕೆ ಒಂದು ದಿನವೂ ತಡವಾಗಿದ್ದನ್ನು ಕಂಡವರೂ ಇಲ್ಲ. ಇದನ್ನು ಅವರು ದಿನಕ್ಕೊಮ್ಮೆಯಾದರೂ ಹೇಳುತ್ತಾರೆ, ನಾನು ದಿನಕ್ಕೊಮ್ಮೆಯಾದರೂ ಕೇಳುತ್ತೇನೆ.

ತಮ್ಮ ಗ್ರಾಹಕನಾದವನು ನನ್ನ ತಮ್ಮ ಮೂಡಲಗಿರಿಯಪ್ಪ. ನಮ್ಮವ್ವನ ತಂದೆಯ ಹೆಸರನ್ನು ಒಂದಕ್ಷರವೂ ಬಿಡದೆ ಅವನಿಗೆ ಇಟ್ಟರು. ಅಷ್ಟು ಉದ್ದದ ಹೆಸರು ಗಾಡಿಯ ಟ್ಯಾಂಕಿನ ಮೇಲೆ ಹಿಡಿಸದೆಂದು ಅವನು 'ಗಿರಿ' ಎಂದಷ್ಟೇ ಬರೆಸಿಕೊಂಡಿದ್ದಾನೆ. ನಾವು ಹುಟ್ಟಿ ಬೆಳೆದದ್ದು ಭೈರವಾನಿತಿಪ್ಪದ ಕಡೆ. ನಾನು ಮದುವೆಯಾಗಿ ರೊಳ್ಳದ ಕಡೆಗೆ ಬಂದೆ, ಅವನು ಕೆಲಸ ಹುಡುಕಿಕೊಂಡು ರಾಯದುರ್ಗಕ್ಕೆ ಹೋಗಿ ಜೀನ್ಸ್ ಪ್ಯಾಂಟು ತೊಳೆಯುವ ಘಟಕವೊಂದಕ್ಕೆ ಸೇರಿದ. ಅಪ್ಪ ನಾವು ಚಿಕ್ಕವರಿದ್ದಾಗಲೇ ಹೋದರು, ಅವ್ವ ಎರಡು ವರ್ಷದ ಕೆಳಗೆ ಹೋದಳು. ತವರು ಅಂತ ನನಗೆ ಈ ಭೂಮಿಯ ಮೇಲೆ ಉಳಿದಿರುವುದು ಇವನೊಬ್ಬ. ಮುಂದೆ ನಾನು ಅವನನ್ನು ಎಷ್ಟೇ ಬೈದರೂ ಈ ಮಾತನ್ನು ತಾವು ನೆನಪಿನಲ್ಲಿಟ್ಟುಕೊಂಡೇ ಓದಬೇಕು.

ಈ ತಮ್ಮನು ಹೋದ ವರ್ಷ ಒಂದು ಬೈಕು ಕೊಂಡ. ಬೆಂಗಳೂರಿನಲ್ಲಿ ಯಾರೋ ಓಡಿಸಿ ಬೇಸರವಾಗಿ ಮಾರಿದ್ದು, ಮುನ್ನೂರು ಚಿಲ್ಲರೆ ಸಿಸಿ, ಕಿತ್ತಳೆ ಬಣ್ಣದ ಚಕ್ರ, ಹಿಂದಿನ ಸೀಟು ಸ್ಲೇಟಿಗಿಂತ ಚಿಕ್ಕದು. ಹಿಂದೆ ಕೂತವರು ಮುಂದಿನವರ ತಲೆಯ ಮೇಲಿಂದ ದಾರಿ ನೋಡುವಂಥ ವಿನ್ಯಾಸ. ಶಬ್ದ ಹೊರಟಿತೆಂದರೆ ರಾಯದುರ್ಗದ ಒಂದು ಬೀದಿಯಲ್ಲಿ ಹೊಲಿಗೆ ಯಂತ್ರಗಳೆಲ್ಲ ನಿಂತಂತೆ ಭಾಸವಾಗುತ್ತಿತ್ತೆಂದು ಅವನೇ ಹೇಳಿಕೊಂಡಿದ್ದಾನೆ. ಇಂಥ ಗಾಡಿಗೆ ಎಲ್ಲರೂ ಹಾಕುವ ಪೆಟ್ರೋಲ್ ಹಾಕಿದರೆ ಅದಕ್ಕೆ ಅವಮಾನವಾಗುತ್ತದೆಂದು ಅವನ ತಲೆಗೆ ಯಾರು ತುಂಬಿದರೋ ನನಗೆ ತಿಳಿಯದು. ತಮ್ಮ ಹುಲಿಯ ಮೇಲೆ ನನಗೆ ಗುಮಾನಿಯಿದೆ.

ಇನ್ನು ನನ್ನ ಸಂಕಟ. ನನ್ನ ಮಗ ರಂಗಸ್ವಾಮಿಗೆ ಜವಳ ಆಗಬೇಕಿತ್ತು. ತಮ್ಮ ಕಡೆ ಈ ಪದ್ಧತಿ ಹೇಗಿದೆಯೋ ಕಾಣೆ, ನಮ್ಮಲ್ಲಿ ಮಗುವಿನ ಹುಟ್ಟುಗೂದಲನ್ನು ಬೆಸ ವರ್ಷದಲ್ಲಿ ತೆಗೆಸಬೇಕು, ಮಗು ಸೋದರಮಾವನ ತೊಡೆಯ ಮೇಲೆ ಕೂತಿರಬೇಕು, ಮೊದಲ ಎಳೆಗೆ ಕತ್ತರಿ ಹಾಕುವವನೂ ಸೋದರಮಾವನೇ ಆಗಿರಬೇಕು. ಮಾವನ ಕೈ ಬೀಳುವ ತನಕ ಆ ಕೂದಲಿಗೆ ಯಾರೂ ಕತ್ತರಿ ತೋರಿಸುವಂತಿಲ್ಲ. ಮೊದಲ ವರ್ಷ ಅವ್ವ ಹಾಸಿಗೆ ಹಿಡಿದಿದ್ದರಿಂದ ಆಗಲಿಲ್ಲ. ಎರಡನೆಯದು ಸಮ ವರ್ಷ, ಕೂಡದು. ಮೂರನೆಯ ವರ್ಷ ಈ ಮೇ ಮೂವತ್ತಕ್ಕೆ ಮುಗಿಯುವುದಿತ್ತು. ಅದು ತಪ್ಪಿದರೆ ಮತ್ತೆ ಪೂರಾ ಒಂದು ವರ್ಷ ಕಾದು ಐದನೆಯದಕ್ಕೆ ಹೋಗಬೇಕು.

ಅಷ್ಟರಲ್ಲಿ ಮಗನ ಕೂದಲು ಸೊಂಟದ ಹತ್ತಿರ ಬಂದಿತ್ತು. ನಾನು ಬೆಳಿಗ್ಗೆ ಐದೂವರೆಗೆ ಎದ್ದು, ಕಾರ್ಖಾನೆಯ ಬಸ್ಸು ಬರುವುದರೊಳಗೆ ಅಡುಗೆ ಮಾಡಿ, ಅವನಿಗೆ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಎರಡು ಜಡೆ ಹಾಕಿ ಟೇಪು ಕಟ್ಟುತ್ತಿದ್ದೆ. ಅವನು ಬೀದಿಗೆಲ್ಲ ಕೇಳುವಂತೆ ಅರಚುತ್ತಿದ್ದ. ಅಂಗನವಾಡಿಯಲ್ಲಿ ಹೊಸದಾಗಿ ಬಂದ ಟೀಚರು ಅವನನ್ನು ಒಂದು ತಿಂಗಳು ಹೆಣ್ಣುಮಕ್ಕಳ ಸಾಲಿನಲ್ಲಿ ಕೂರಿಸಿ, ಪಾಪ ಎಷ್ಟು ಲಕ್ಷಣವಾಗಿದ್ದಾಳೆ ಎಂದು ನನಗೇ ಹೇಳಿದರು. ಬಸ್ಸಿನಲ್ಲಿ ಪಕ್ಕದ ಸೀಟಿನವರು ದಿನಾಲೂ ತೆಲುಗಿನಲ್ಲಿ 'ಪುಟ್ಟುವೆಂಟ್ರುಕಲು ಎಪ್ಪುಡು' ಎಂದು ಕೇಳುತ್ತಿದ್ದರು, ಅಂದರೆ ಹುಟ್ಟುಗೂದಲು ತೆಗೆಸುವುದು ಯಾವಾಗ ಎಂದು. ನಮ್ಮತ್ತೆ ಕದರಮ್ಮನವರು ಮಾತ್ರ ಏನೂ ಕೇಳುತ್ತಿರಲಿಲ್ಲ. ಅವರು ಮಗುವಿನ ತಲೆ ನೋಡಿ, ನನ್ನ ಮುಖ ನೋಡಿ, ಮತ್ತೆ ಮಗುವಿನ ತಲೆ ನೋಡುತ್ತಿದ್ದರು. ತವರಿನಿಂದ ಒಬ್ಬನೇ ಒಬ್ಬ ಬರಬೇಕಾದವನು ಬರಲಿಲ್ಲವೆಂದರೆ ಗಂಡನ ಮನೆಯಲ್ಲಿ ಹೆಂಗಸಿನ ತಲೆ ಎಷ್ಟು ತಗ್ಗುತ್ತದೆಂದು ತಮಗೆ ವಿವರಿಸಬೇಕಾಗಿಲ್ಲ, ತಮಗೂ ಅಕ್ಕತಂಗಿಯರಿರಬಹುದು.

ಮೊದಲ ದಿನ ಗೊತ್ತುಮಾಡಿದ್ದು ಕಾರ್ತಿಕದ ಒಂದು ಭಾನುವಾರ, ಬೆಳಿಗ್ಗೆ ಹತ್ತರೊಳಗೆ. ರಾಯದುರ್ಗದಿಂದ ನಮ್ಮೂರಿಗೆ ಕಲ್ಯಾಣದುರ್ಗ, ಪಾವಗಡದ ಮೇಲೆ ನೂರಮೂವತ್ತು ನೂರನಲವತ್ತು ಕಿಲೋಮೀಟರ್ ದಾರಿ. ತೆಂಕಲಿಗೆ ಬರಬೇಕು. ನನ್ನ ತಮ್ಮ ನಸುಕಿನಲ್ಲೇ ಎದ್ದು, ಸ್ನಾನಕ್ಕೂ ಮುಂಚೆ, ಬಡಗಲಿಗೆ ಬಳ್ಳಾರಿಗೆ ಹೋದ. ಗಡಿ ದಾಟಿ ಪೆಟ್ರೋಲ್ ತುಂಬಿಸಿಕೊಂಡು ಬರುವುದು ನಮ್ಮ ಕಡೆಯವರಿಗೆ ಹೊಸತಲ್ಲ. ಕರ್ನಾಟಕದಲ್ಲಿ ಅಗ್ಗವೆಂದು ಬೊಮ್ಮನಹಾಳಿನಿಂದ ಹಿಡಿದು ನಮ್ಮ ರೊಳ್ಳದ ತನಕ ಎಲ್ಲರೂ ಆಚೆಗೊಂದು ಕಾಲು ಇಟ್ಟುಕೊಂಡೇ ಬದುಕುವವರು. ಆದರೆ ಇವನು ಹೋದದ್ದು ಅಗ್ಗಕ್ಕಲ್ಲ. ಬಳ್ಳಾರಿಯ ಒಂದು ಬಂಕಿನಲ್ಲಿ ತೊಂಬತ್ತೇಳು ಆಕ್ಟೇನಿನ ಪೆಟ್ರೋಲ್ ಸಿಗುತ್ತದೆ, ಅದು ಮಾಮೂಲಿ ಪೆಟ್ರೋಲಿನ ತೊಂಬತ್ತೊಂದಕ್ಕಿಂತ ಆರು ಹೆಚ್ಚು, ಹತ್ತನೇ ತರಗತಿಯಲ್ಲಿ ಅವನಿಗೆ ಬಂದ ಅಂಕಗಳಿಗೆ ಹೋಲಿಸಿದರೆ ಎರಡೂವರೆ ಪಟ್ಟು.

ಅಲ್ಲಿ ಟ್ಯಾಂಕು ತುಂಬಿಸಿಕೊಂಡು ಐವತ್ತು ಕಿಲೋಮೀಟರ್ ಹಿಂದಕ್ಕೆ ರಾಯದುರ್ಗಕ್ಕೆ ಬಂದು, ಸ್ನಾನ ಮಾಡಿ, ಹೊಸ ಅಂಗಿ ತೊಟ್ಟು ನೋಡುತ್ತಾನೆ, ಮೀಟರಿನಲ್ಲಿ ಪೆಟ್ರೋಲ್ ಎರಡು ಗೀಟು ಇಳಿದಿದೆ. ತರಲು ಹೋದ ಪೆಟ್ರೋಲನ್ನು ತರುವ ದಾರಿಯಲ್ಲೇ ಗಾಡಿ ಕುಡಿದಿತ್ತು. ಉಳಿದಷ್ಟಕ್ಕೆ ದಾರಿಯಲ್ಲಿ ಮಾಮೂಲಿ ಪೆಟ್ರೋಲ್ ಬೆರೆಸಿದರಾಯಿತೆಂದು ಯಾರಿಗಾದರೂ ಹೊಳೆಯುತ್ತದೆ, ಜೀನ್ಸ್ ತೊಳೆಯುವವನಿಗೆ ಹೊಳೆಯುವುದಿಲ್ಲ. ಅವರ ಘಟಕದಲ್ಲಿ ಬೇರೆ ಬೇರೆ ಲಾಟಿನ ಪ್ಯಾಂಟುಗಳನ್ನು ಒಂದೇ ಡ್ರಮ್ಮಿಗೆ ಹಾಕಿದರೆ ಬಣ್ಣ ಒಂದೇ ಬರುವುದಿಲ್ಲ, ಮಾಲು ವಾಪಸು ಬರುತ್ತದೆ. ಆದ್ದರಿಂದ ಅವನು ಮತ್ತೆ ಬಳ್ಳಾರಿಗೆ ಹೋದ. ಹನ್ನೊಂದಕ್ಕೆ ಅಲ್ಲಿಂದ ಫೋನು ಮಾಡಿ, "ಅಕ್ಕಾ, ಗಾಡಿ ಈಗ ಬೆಣ್ಣಿ ಹಂಗ ಓಡಾಕತ್ತೈತಿ, ನೀ ನೋಡ್ಬೇಕಿತ್ತು" ಅಂದ. ಮುಹೂರ್ತ ಮುಗಿದಿತ್ತು, ಕ್ಷೌರಿಕರು ಊಟ ಮಾಡಿ ಕತ್ತಿ ಮಡಿಚಿಟ್ಟು ಹೊರಟಿದ್ದರು. ಬಂದ ನೆಂಟರು ನನ್ನ ಕಡೆ ನೋಡದೆ ಪಾಯಸ ಹೊಗಳಿದರು.

ಎರಡನೆಯ ದಿನ ಮಾಘದಲ್ಲಿ. ಈ ಸಲ ಬಳ್ಳಾರಿಯ ಹೆಸರೆತ್ತಿದರೆ ಅಕ್ಕತಮ್ಮನ ಸಂಬಂಧ ಮುಗಿಯಿತೆಂದು ನಾನು ಮೊದಲೇ ಹೇಳಿದ್ದೆ. ಅವನು ಬಹಳ ವಿಧೇಯನಾಗಿ, ಬಳ್ಳಾರಿಗೆ ಹೋಗದೆಯೇ ಆಕ್ಟೇನು ಏರಿಸುವ ದಾರಿ ಹುಡುಕಿದ. ಅಲ್ಲಿಗೆ ತಾವು ಮತ್ತು ತಮ್ಮ ಹುಲಿ ನಮ್ಮ ವಂಶದೊಳಕ್ಕೆ ಪ್ರವೇಶಿಸಿದಿರಿ.

ತಮ್ಮ ಸೀಸೆಯ ಸೊಬಗನ್ನು ನಾನು ಮುಕ್ತವಾಗಿ ಹೊಗಳುತ್ತೇನೆ. ಅಂಗೈಯಗಲದ ಸೀಸೆ, ಕೆಂಪು ಮುಚ್ಚಳ, ಹೊಳೆಯುವ ಹುಲಿ. ಎಷ್ಟು ಹಾಕಬೇಕೆಂಬ ವಿವರ ಮಾತ್ರ ಇರುವೆಯ ಕಾಲಿನಷ್ಟು ಸಣ್ಣ ಇಂಗ್ಲಿಷಿನಲ್ಲಿದೆ, ಕನ್ನಡವೂ ಇಲ್ಲ, ತೆಲುಗೂ ಇಲ್ಲ. ಒಂದು ಟ್ಯಾಂಕಿಗೆ ಒಂದು ಸೀಸೆ ಎಂದು ಅದರ ಅರ್ಥವಂತೆ. ನನ್ನ ತಮ್ಮ ಅಷ್ಟನ್ನು ಓದಿದ, ಆದರೆ ನಂಬಲಿಲ್ಲ. ಅವನ ಕೆಲಸದಲ್ಲಿ ಕೆಮಿಕಲ್ ಹಾಕುವುದು ನೀರಿನ ಲೆಕ್ಕಕ್ಕಲ್ಲ, ಬಟ್ಟೆಯ ತೂಕಕ್ಕೆ. ಒಣ ಪ್ಯಾಂಟುಗಳನ್ನು ತಕ್ಕಡಿಗೆ ಹಾಕಿ, ಇಷ್ಟು ಕಿಲೋಗೆ ಇಷ್ಟು ಎಂದು ಅಳೆದು ಹಾಕಿದರೇನೇ ಪ್ಯಾಂಟು ಮೆತ್ತಗೆ ಬರುವುದು. ಆ ಅಳತೆಯಲ್ಲಿ ಅವನನ್ನು ಮೀರಿಸುವವರು ಆ ಘಟಕದಲ್ಲಿಲ್ಲ ಎಂಬ ಹೆಮ್ಮೆ ನಮಗೆಲ್ಲ ಇತ್ತು. ಸೀಸೆಯ ಮೇಲೆ ಬರೆದದ್ದು ಖಾಲಿ ಗಾಡಿಗೆ, ಹೊರೆ ಹೊತ್ತ ಗಾಡಿಗೆ ಅಲ್ಲವೆಂದು ಅವನು ತೀರ್ಮಾನಿಸಿದ.

ಶನಿವಾರ ಸಂಜೆ ಘಟಕದ ತೂಕದ ಯಂತ್ರದ ಮೇಲೆ ಬೈಕನ್ನು ಹತ್ತಿಸಿದ. ಆಮೇಲೆ ತಾನು ಹತ್ತಿದ. ಆಮೇಲೆ ಬ್ಯಾಗನ್ನು ಇಟ್ಟ. ಬ್ಯಾಗಿನಲ್ಲಿ ಅಳಿಯನಿಗೆಂದು ಅವನೇ ತೊಳೆದು ಮೆತ್ತಗೆ ಮಾಡಿದ ಒಂದು ಪುಟ್ಟ ಜೀನ್ಸ್ ಪ್ಯಾಂಟು, ನನಗೊಂದು ಸೀರೆ, ನಮ್ಮತ್ತೆಗೊಂದು ಶಾಲು ಇದ್ದವು. ಶಾಲನ್ನೂ ಸೇರಿಸಿ ಅವನು ಲೆಕ್ಕ ಹಾಕಿದ. ಆರು ಸೀಸೆ ಬಂತು. ಆರನ್ನೂ ಹಾಕಿದ. ನಮ್ಮತ್ತೆಯ ಶಾಲಿಗಾಗಿ ಒಂದು ಇಂಜಿನ್ನು ಔಷಧ ಕುಡಿದದ್ದು ಇತಿಹಾಸದಲ್ಲಿ ಅದೇ ಮೊದಲಿರಬೇಕು.

ಕಲ್ಯಾಣದುರ್ಗ ದಾಟಿ ಹತ್ತು ಕಿಲೋಮೀಟರ್ ಬರುವುದರೊಳಗೆ ಗಾಡಿ ಮೊದಲು ಕೆಮ್ಮಿತು, ಆಮೇಲೆ ಬಿಕ್ಕಳಿಸಿತು, ಆಮೇಲೆ ಬಯಲಿನ ನಡುವೆ ನಿಂತುಹೋಯಿತು. ಅವನು ಒದ್ದು ನೋಡಿದ, ತಳ್ಳಿ ನೋಡಿದ, ಬೇಡಿಕೊಂಡೂ ನೋಡಿದನಂತೆ. ಕಡೆಗೆ ಕುರಿ ವ್ಯಾಪಾರದ ಜುಂಜಣ್ಣನವರು ತಮ್ಮ ಗೂಡ್ಸ್ ಗಾಡಿಯಲ್ಲಿ ರಾಯದುರ್ಗದ ಕಡೆ ಹೊರಟವರು ಮರುಕಪಟ್ಟು, ಹದಿನಾಲ್ಕು ಕುರಿಗಳ ನಡುವೆ ಬೈಕನ್ನು ಮಲಗಿಸಿ, ಇವನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ವಿಷಯವೆಲ್ಲ ಕೇಳಿ ಅವರು ಹೇಳಿದ್ದು ಇಷ್ಟು: "ಕುರಿಗೆ ತೂಕ ನೋಡಿ ಜಂತಿನ ಔಷಧಿ ಹಾಕೋದು ಹೌದಪ್ಪ, ನಾವೂ ಹಾಕ್ತೀವಿ. ಗಾಡಿಗೆ ಯಾಕ ಹಾಕ್ದಿ? ಅದಕ್ಕೇನು ಜಂತು ಆಗಿತ್ತೇನು?" ರಾಯದುರ್ಗ ತಲುಪುವಷ್ಟರಲ್ಲಿ ಕುರಿಗಳು ಆ ಸ್ಲೇಟಿನಂಥ ಸೀಟಿನ ಒಂದು ಮೂಲೆಯನ್ನು ತಿಂದಿದ್ದವು.

ಅತ್ತ ಅವನು ಬಡಗಲಿಗೆ ಕುರಿಗಳ ಜೊತೆ ಹೋಗುತ್ತಿದ್ದ ಹೊತ್ತಿಗೆ ಇತ್ತ ನಾನು ಮಗನಿಗೆ ಹೊಸ ಬಟ್ಟೆ ಹಾಕಿ, ಮಣೆಯ ಪಕ್ಕದಲ್ಲಿ ಮಾವನಿಗೆಂದು ಹಾಸಿದ ಚಾಪೆಯನ್ನು ನೋಡುತ್ತ ಕೂತಿದ್ದೆ. ಕ್ಷೌರಿಕರು ಎರಡನೆಯ ಸಲ ಊಟ ಮಾಡಿ ಎರಡನೆಯ ಸಲ ಕತ್ತಿ ಮಡಿಚಿದರು. ಮೂರನೆಯ ಸಲ ಕರೆದರೆ ಊಟಕ್ಕೆ ಮಾತ್ರ ಬರುತ್ತೇನೆ, ಕತ್ತಿ ತರುವುದಿಲ್ಲ ಎಂದು ನಕ್ಕರು. ನಮ್ಮತ್ತೆ ನಗಲಿಲ್ಲ. "ನಿನ್ ತಮ್ಮುಂಗೆ ಬರೋ ಮನ್ಸಿಲ್ಲ ಕಣಮ್ಮ, ಗಾಡಿನ ಯಾಕೆ ಬೈತೀಯ" ಅಂದರು. ನಾನು ಒಳಗೆ ಹೋಗಿ ಹಿಟ್ಟಿನ ಡಬ್ಬಿಯ ಹಿಂದೆ ನಿಂತು ಅತ್ತುಬಿಟ್ಟೆ. ಆ ಹೊತ್ತಿನಲ್ಲಿ ನನ್ನ ಸಿಟ್ಟೆಲ್ಲ ಹೋಗಿ ನಿಂತದ್ದು ತಮ್ಮ ಸೀಸೆಯ ಮೇಲೆ, ಏಕೆಂದರೆ ಅತ್ತೆಯ ಮಾತು ನಿಜವಾಗುವುದಕ್ಕಿಂತ ಸೀಸೆ ಕೆಟ್ಟದ್ದಾಗುವುದು ನನಗೆ ಬೇಕಿತ್ತು.

ಬೈಕನ್ನು ಬಿಚ್ಚಿ ನೋಡಿದವರು ರಾಯದುರ್ಗದ ಮೆಕ್ಯಾನಿಕ್ ಬೊಮ್ಮಣ್ಣನವರು. ಇಂಜಿನ್ನಿಗೆ ಕಿಡಿ ಕೊಡುವ ಪ್ಲಗ್ಗು ಹೊರತೆಗೆದರೆ, ಆರು ಸೀಸೆಯ ಔಷಧ ಹತ್ತಿ ಅದು ಇಟ್ಟಿಗೆಯ ಕೆಂಪು. "ಏನ್ ತಮ್ಮಾ, ಇದಕ್ಕ ಪೆಟ್ರೋಲ್ ಹಾಕಿಯೋ, ಕುಂಕುಮ ಹಾಕಿಯೋ?" ಎಂದು ಕೇಳಿ, ನಾನು ಫೋನಿನಲ್ಲಿದ್ದೇನೆಂದು ತಿಳಿದು ನನಗೂ ಸಮಾಧಾನವಾಗಿ ವಿವರಿಸಿದರು: "ನೋಡ್ರಿ ಅಕ್ಕಾರ, ನಂಬರ್ ಜಾಸ್ತಿ ಅಂದ್ರ ಜೋರು ಓಡ್ತೈತಿ ಅಂತ ಅಲ್ರಿ. ಇಂಜಿನ್ನಾಗ ಪೆಟ್ರೋಲ್ ಅವಸರ ಬಿದ್ದು ಮುಂಚೇನ ಹತ್ಕೋಬಾರ್ದು, ತನ್ನ ಟೈಮಿಗೆ ಹತ್ಕೋಬೇಕು, ಅದಕ್ಕ ಐತಿ ಆ ನಂಬರು. ಈ ಗಾಡಿ ಪುಸ್ತಕದಾಗ ತೊಂಬತ್ತೊಂದು ಅಂತ ಬರ್ದಾರ. ಅಷ್ಟು ಹಾಕಿದ್ರ ಸಾಕ್ರಿ. ಅದಕ್ಕಿಂತ ಮ್ಯಾಲಿಂದು ಹಾಕಿದ್ರ ಗಾಡಿಗೆ ಗೊತ್ತಾಗೋದಿಲ್ಲ, ನಮಗ ಮಾತ್ರ ಖುಷಿ."

ಮಾನ್ಯರೇ, ಅಂದರೆ ತಾವು ಇಷ್ಟು ದಿನ ಸೀಸೆಯಲ್ಲಿ ತುಂಬಿ ಮಾರುತ್ತಿದ್ದದ್ದು ವೇಗವಲ್ಲ, ತಾಳ್ಮೆ. ಅವಸರಪಡದೆ, ತನ್ನ ಹೊತ್ತು ಬರುವವರೆಗೆ ಸುಮ್ಮನಿರುವ ಗುಣ. ಅದರ ಮೇಲೆ ಹಾರುವ ಹುಲಿಯ ಬದಲು ಮೆಲುಕು ಹಾಕುವ ಎಮ್ಮೆಯ ಚಿತ್ರ ಹಾಕಿದ್ದರೆ ಎಷ್ಟು ಪ್ರಾಮಾಣಿಕವಾಗಿರುತ್ತಿತ್ತು. ಆ ಗುಣ ನನ್ನ ತಮ್ಮನಲ್ಲಿ ಹುಟ್ಟಿನಿಂದಲೇ ಧಾರಾಳವಾಗಿದೆ, ಅದಕ್ಕಾಗಿ ಅವನು ಔಷಧ ಕೊಳ್ಳಬೇಕಾಗಿರಲಿಲ್ಲ. ತಾಯಿಯ ಹೊಟ್ಟೆಯಿಂದಲೂ ಅವನು ಹದಿನೈದು ದಿನ ತಡವಾಗಿಯೇ ಬಂದವನು.

ಇಲ್ಲಿಗೆ ನನ್ನ ದೂರು ಮುಗಿದು ಬೇಡಿಕೆಗಳು ಶುರುವಾಗಬೇಕಿತ್ತು. ಸ್ಲಿಪ್ಪು ಕೂಡ ಹಾಗೆಯೇ ಬರೆದಿಟ್ಟಿದ್ದೆ. ತಮ್ಮ ಕಂಪನಿಯ ಪ್ರತಿನಿಧಿಯೊಬ್ಬರು ದಿನಾಲೂ ಬೆಳಿಗ್ಗೆ ಐದೂವರೆಗೆ ನಮ್ಮ ಮನೆಗೆ ಬಂದು, ಕೈಕಾಲು ತೊಳೆದುಕೊಂಡು, ನನ್ನ ಮಗನಿಗೆ ಎರಡು ಜಡೆ ಹಾಕಿ ಹೋಗತಕ್ಕದ್ದು, ಅವನು ಕಚ್ಚಿದರೆ ಕಂಪನಿ ಜವಾಬ್ದಾರಿ. ಐದನೆಯ ವರ್ಷಕ್ಕೂ ಮಾವ ಬಾರದಿದ್ದರೆ ವ್ಯವಸ್ಥಾಪಕ ನಿರ್ದೇಶಕರಾದ ತಾವೇ ಖುದ್ದಾಗಿ ಬಂದು, ಪಂಚೆಯುಟ್ಟು, ಚಾಪೆಯ ಮೇಲೆ ಕೂತು ತೊಡೆ ಒದಗಿಸತಕ್ಕದ್ದು. ಸೀಸೆಯ ಮೇಲೆ ಮನುಷ್ಯನೊಬ್ಬ ತಕ್ಕಡಿಯ ಮೇಲೆ ನಿಂತಿರುವ ಚಿತ್ರ ಬರೆದು ಅದರ ಮೇಲೆ ಕೆಂಪು ಅಡ್ಡಗೆರೆ ಎಳೆಯತಕ್ಕದ್ದು. ಇವೆಲ್ಲಕ್ಕಿಂತ ಮುಖ್ಯವಾಗಿ, ತಮ್ಮ ವಿಜ್ಞಾನಿಗಳು ಗಾಡಿಗೆ ಹಾಕುವ ಔಷಧವನ್ನು ನಿಲ್ಲಿಸಿ, ತಮ್ಮಂದಿರಿಗೆ ಹಾಕುವ ಔಷಧವನ್ನು ಕಂಡುಹಿಡಿಯತಕ್ಕದ್ದು. ಕಾಫಿಯಲ್ಲಿ ಒಂದು ಮುಚ್ಚಳ ಬೆರೆಸಿದರೆ ಹೇಳಿದ ದಿನಕ್ಕೆ ಅಕ್ಕನ ಮನೆಯ ಬಾಗಿಲಲ್ಲಿ ಇರಬೇಕು, ಅಂಥದ್ದು. ಅದಕ್ಕೆ ಆಂಧ್ರ, ಕರ್ನಾಟಕ ಎರಡೂ ಕಡೆ ಎಷ್ಟು ಬೇಡಿಕೆ ಬರುತ್ತದೆಂದು ತಮಗೆ ಅಂದಾಜೇ ಇಲ್ಲ.

ಆದರೆ ಕಳೆದ ಭಾನುವಾರ ನಡೆದದ್ದನ್ನು ಬರೆಯದೆ ಈ ಪತ್ರ ಕಳಿಸಲಾರೆ.

ಮೂರನೆಯ ವರ್ಷ ತುಂಬಲು ನಾಲ್ಕೇ ದಿನ ಉಳಿದಿತ್ತು. ಬೊಮ್ಮಣ್ಣನವರು ಟ್ಯಾಂಕಿಗೆ ತಾವೇ ಮಾಮೂಲಿ ಪೆಟ್ರೋಲ್ ಹಾಕಿ, ನನ್ನ ತಮ್ಮನ ಜೇಬು, ಬ್ಯಾಗು ಎಲ್ಲ ತಡಕಿ ಸೀಸೆ ಇಲ್ಲವೆಂದು ಖಾತ್ರಿಮಾಡಿಕೊಂಡು, "ಹೋಗು, ನಿಲ್ಲಬ್ಯಾಡ" ಎಂದು ಕಳಿಸಿದರಂತೆ. ಎಂಟೂವರೆಗೆ ಬೈಕು ನಮ್ಮ ಬೀದಿಗೆ ಬಂತು. ತೊಂಬತ್ತೊಂದು ಆಕ್ಟೇನಿನಲ್ಲಿ, ಮೂರು ಗಂಟೆಯಲ್ಲಿ, ಒಂದು ಕೆಮ್ಮೂ ಇಲ್ಲದೆ. ನಮ್ಮ ಮನೆಯವರು ಹೊರಗೆ ಬಂದು ಗಡಿಯಾರ ನೋಡಿ, ಬಸ್ಸಿನಲ್ಲಾದರೆ ಇನ್ನೂ ಬೇಗ ಬರುತ್ತಿದ್ದ ಎಂದರು, ಯಾರೂ ಕಿವಿಗೊಡಲಿಲ್ಲ.

ಆಮೇಲೆ ಹೊಸ ತೊಡಕು. ಮಗ ಮಾವನನ್ನು ನೋಡಿದ್ದು ಫೋನಿನ ಪರದೆಯಲ್ಲಿ ಮಾತ್ರ. ಇಷ್ಟು ದೊಡ್ಡ ಮನುಷ್ಯನ ತೊಡೆಯನ್ನು ಕಂಡು ಹೆದರಿ, ಮನೆ ಬಿದ್ದುಹೋಗುವಂತೆ ಕೂಗಿ, ಓಡಿಹೋಗಿ ಬೈಕಿನ ಚಕ್ರ ಹಿಡಿದುಕೊಂಡು ನಿಂತ. ಅಲ್ಲಿಂದ ಅವನನ್ನು ಬಿಡಿಸಲು ಯಾರಿಂದಲೂ ಆಗಲಿಲ್ಲ. ಮುಹೂರ್ತ ಮುಗಿಯುವ ಹತ್ತು ಗಂಟೆ ಹತ್ತಿರವಾಗುತ್ತಿತ್ತು. ಕಡೆಗೆ ನಮ್ಮತ್ತೆಯೇ ಚಾಪೆಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, "ತೊಡೆ ಬೇಕು ಅಂದವ್ರೆ, ಚಾಪೆ ಬೇಕು ಅಂತ ಯಾರಂದವ್ರೆ? ಗಾಡಿ ಮೇಲೆ ಕೂತ್ಕಳಪ್ಪ" ಅಂದರು. ಹಾಗೆ ನನ್ನ ತಮ್ಮ ಪಂಚೆಯುಟ್ಟು ಬೈಕಿನ ಮೇಲೆ ಕೂತ, ನನ್ನ ಮಗ ಅವನ ತೊಡೆಯ ಮೇಲೆ ಕೂತು ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದ, ಕ್ಷೌರಿಕರು ಟ್ಯಾಂಕಿನ ಪಕ್ಕ ನಿಂತು ಕತ್ತಿ ಬಿಚ್ಚಿದರು. ಮೊದಲ ಎಳೆಗೆ ಮಾವನ ಕತ್ತರಿ ಬಿದ್ದಾಗ ಮಗ ಬಾಯಲ್ಲಿ ಡುರ್ ಡುರ್ ಎಂದು ಗಾಡಿ ಓಡಿಸುತ್ತಿದ್ದ. ಆ ಗಾಡಿ ನಮ್ಮ ಮನೆಗೆ ಉಪಯೋಗಕ್ಕೆ ಬಂದದ್ದು ಇಂಜಿನ್ನು ನಿಂತಿದ್ದಾಗ.

ಊಟವಾದ ಮೇಲೆ ಅವನು ಟ್ಯಾಂಕಿನ ಮೇಲೆ ಬಿದ್ದ ಕೂದಲನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದ. ನಾನು ಎರಡು ಸಲದ್ದೂ ಸೇರಿಸಿ ಬೈಯಲೆಂದೇ ಹೋದೆ. ಅವನು ತಲೆ ಎತ್ತದೆ ಹೇಳಿದ: "ಅಕ್ಕಾ, ಅವ್ವ ಇದ್ದಿದ್ರ ಮುಂದ ನಿಂತು ಎಲ್ಲಾ ತಾನ ಮಾಡ್ತಿದ್ಲು. ನಾ ಒಬ್ಬನ ಬಂದು ನಿಮ್ಮ ಮನಿಯವರ ಎದುರಿಗೆ ತವರು ಅಂತ ಹೆಂಗ ಕುಂದರ್ಲಿ? ಹೊರಡೋ ದಿನ ಬಂದ್ರ ಕಾಲ ಏಳ್ತಿರ್ಲಿಲ್ಲ. ಅದಕ್ಕ ಗಾಡಿಗೆ ಏನಾರ ಒಂದು ಮಾಡ್ಕೋತ ಕುಂತೆ." ಆರು ತಿಂಗಳಿಂದ ನಾನು ಕಾದದ್ದು ತವರಿಗೆ, ಅವನು ಹೆದರಿದ್ದೂ ಅದಕ್ಕೇ. ನಾನು ಬಟ್ಟೆಯನ್ನು ಅವನ ಕೈಯಿಂದ ಕಸಿದುಕೊಂಡು ಉಳಿದದ್ದನ್ನು ನಾನೇ ಒರೆಸಿದೆ.

ತಪಾಸಣೆ ಮಾಡುವವಳು ದೋಷ ಒಂದು ಕಡೆ ಕಂಡು ಸ್ಟಿಕ್ಕರನ್ನು ಇನ್ನೊಂದು ಕಡೆ ಅಂಟಿಸುವುದು ನಮ್ಮ ಕೆಲಸದಲ್ಲಿ ದೊಡ್ಡ ತಪ್ಪು. ಆದ್ದರಿಂದ ಜವಳ ಎರಡು ಸಲ ನಿಂತುಹೋದ ಬಗ್ಗೆ ತಮ್ಮ ಮೇಲಿದ್ದ ದೂರನ್ನು ನಾನು ಈ ಮೂಲಕ ವಾಪಸು ಪಡೆದಿದ್ದೇನೆ. ತಮ್ಮ ಹುಲಿ ನನ್ನ ತಮ್ಮನ ಭಯಕ್ಕೆ ಒಂದು ಒಳ್ಳೆಯ ನೆಪವಾಗಿ ನಿಂತಿತು, ಆ ಕೆಲಸವನ್ನು ಮಾತ್ರ ಅದು ಸೀಸೆಯಲ್ಲಿ ಹೇಳಿದ್ದಕ್ಕಿಂತ ಚೆನ್ನಾಗಿ ಮಾಡಿದೆ. ಇಟ್ಟಿಗೆಯ ಬಣ್ಣದ ಪ್ಲಗ್ಗಿನ ದೂರು ಹಾಗೇ ಇದೆ. ಪ್ಲಗ್ಗನ್ನು ಕೆಂಪು ಬಾಣದ ಸ್ಟಿಕ್ಕರು ಅಂಟಿಸಿ ಇದರೊಡನೆ ಲಗತ್ತಿಸಿದ್ದೇನೆ. ಹುಲಿಗೆ ತೋರಿಸತಕ್ಕದ್ದು.

ತಮ್ಮ ಸೀಸೆಗಳು ಎಲ್ಲಾದರೂ ದೂರದಲ್ಲಿ, ಅಕ್ಕಂದಿರಿಲ್ಲದ ಊರುಗಳಲ್ಲಿ ಚೆನ್ನಾಗಿ ಮಾರಾಟವಾಗಲಿ ಎಂದು ಹಾರೈಸುತ್ತ,

ತಮ್ಮ ವಿಶ್ವಾಸಿ, ಆದರೆ ತಮ್ಮ ಗ್ರಾಹಕಳಲ್ಲದ,
ಆದಿಲಕ್ಷ್ಮಿ

ತಾ.ಕ.: ನಮ್ಮ ಮನೆಯವರಿಗೂ ಒಬ್ಬಳು ಅಕ್ಕನಿದ್ದಾಳೆ, ಬೊಮ್ಮನಹಾಳಿನ ಕಡೆ ಕೊಟ್ಟಿದೆ. ಅವಳ ಮಗಳಿಗೆ ಮುಂದಿನ ತಿಂಗಳು ಕಿವಿ ಚುಚ್ಚಬೇಕು, ಅದಕ್ಕೂ ಸೋದರಮಾವನ ತೊಡೆಯೇ ಬೇಕು, ಮತ್ತು ಈ ಮಾವ ಅಕ್ಕನ ಮನೆಗೆ ಹೋಗಿ ಮೂರು ವರ್ಷವಾಯಿತು. ನಿನ್ನೆ ಸಂಜೆ, ನಲವತ್ತರ ಮೇಲೆ ಎಂದೂ ಓಡಿಸದ ನಮ್ಮ ಮನೆಯವರು, ಹಿತ್ತಲಲ್ಲಿ ಯಾರಿಗೂ ಕೇಳಿಸದಂತೆ ನನ್ನ ತಮ್ಮನಿಗೆ ಫೋನು ಮಾಡಿ, ಡೀಸೆಲ್ ಬಸ್ಸಿಗೆ ಹಾಕುವಂಥ ಸೀಸೆಯೂ ಬರುತ್ತದೆಯೇ ಎಂದು ವಿಚಾರಿಸುತ್ತಿದ್ದರು. ಬರುತ್ತದೆಂದಾದರೆ, ದಯವಿಟ್ಟು ಅವರಿಗೆ ಇಲ್ಲವೆಂದೇ ಹೇಳಿ.